ಟುವಾಲಿನಡಿಯ ಎರಡು ತಿಂಗಳು

ಹುಮನಾಬಾದಿನ ದನದ ಸಂತೆಯಲ್ಲಿ ಮಹಾರುದ್ರಪ್ಪನ ಹೆಬ್ಬೆರಳಿಗೆ ಇದ್ದ ಮರ್ಯಾದೆ ಅವನ ತಲೆಗೆ ಇರಲಿಲ್ಲ. ತಲೆಗೆ ಮರ್ಯಾದೆ ಕೊಡುವಂಥ ಸಂದರ್ಭವನ್ನು ಅವನೂ ಯಾರಿಗೂ ಒದಗಿಸಿದವನಲ್ಲ ಬಿಡಿ. ಆದರೆ ಹೆಬ್ಬೆರಳಿನ ಮಾತೇ ಬೇರೆ. ಎತ್ತಿನ ಬಾಯಿಯ ಮೂಲೆಯಲ್ಲಿ, ಮುಂದಿನ ಹಲ್ಲಿಗೂ ದವಡೆಯ ಹಲ್ಲಿಗೂ ನಡುವೆ, ಬರೀ ವಸಡಿನ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಬೆರಳು ತೂರಿಸಿದರೆ ಎಂಥ ಹಟಮಾರಿ ಎತ್ತೂ ಕಚ್ಚಲಾಗದೆ ಬಾಯಿ ತೆರೆಯುತ್ತದೆ. ಮಹಾರುದ್ರಪ್ಪ ಬೆರಳು ತೂರಿಸಿ, ಒಂದು ಕಣ್ಣು ಮುಚ್ಚಿ, ಕೆಳಗಿನ ಸಾಲು ನೋಡುತ್ತಿದ್ದ. ಹಾಲುಹಲ್ಲು ಬಿದ್ದು ಅಗಲ ಹಲ್ಲು ಎಷ್ಟು ಬಂದಿವೆ ಎಂಬುದೇ ಲೆಕ್ಕ: ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು, ಎಂಟಾದರೆ ಬಾಯಿಗೂಡಿತು. ಅವನು ಹೇಳಿದ ವಯಸ್ಸನ್ನು ಇನ್ನೊಬ್ಬರು ಮತ್ತೆ ನೋಡುತ್ತಿರಲಿಲ್ಲ.

ದಲಾಲಿ ಎಂದರೆ ಸುಳ್ಳಿನ ಕಸುಬು ಎನ್ನುವವರಿದ್ದಾರೆ. ಮುದಿ ಎತ್ತಿನ ಹಲ್ಲನ್ನು ಅರದಿಂದ ಉಜ್ಜಿ ಹರೆಯದ್ದು ಮಾಡಿ ಮಾರುವ ಮಹಾನುಭಾವರು ಆ ಸಂತೆಯಲ್ಲಿಯೂ ಇದ್ದರು. ಮಹಾರುದ್ರಪ್ಪ ಬೆಲೆಯ ವಿಷಯದಲ್ಲಿ ಆಕಾಶ ಭೂಮಿ ಒಂದು ಮಾಡುತ್ತಿದ್ದನೇ ಹೊರತು ಹಲ್ಲಿನ ವಿಷಯದಲ್ಲಿ ಒಂದು ಸುಳ್ಳು ಆಡಿದವನಲ್ಲ. ಇದಕ್ಕೆ ಅವನು ಊರವರಿಂದ ಹೊಗಳಿಕೆ ಪಡೆದದ್ದಕ್ಕಿಂತ ಪೆಟ್ಟು ತಿಂದದ್ದೇ ಹೆಚ್ಚು. ಒಮ್ಮೆ ಅಣ್ಣನ ಮಗನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿ ಚಹಾ ಕೊಟ್ಟು ನಕ್ಕಳು. ಹುಡುಗಿಯ ತಂದೆ ಇಪ್ಪತ್ತು ಎಂದಿದ್ದ. ಮಹಾರುದ್ರಪ್ಪ ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿ, ಇಲ್ಲ, ಬಾಯಿಗೂಡಿ ಬಹಳ ದಿನ ಆಗಿದೆ ಎಂದುಬಿಟ್ಟ. ಚಹಾ ಮುಗಿಯುವ ಮೊದಲೇ ಅವರನ್ನು ಬಾಗಿಲಿಗೆ ಕಳಿಸಲಾಯಿತು.

ಸಂತೆಯ ಇನ್ನೊಂದು ವಿದ್ಯೆಯೂ ಅವನಿಗೆ ಕರಗತವಾಗಿತ್ತು. ಕೊಳ್ಳುವವನು, ದಲಾಲ ಇಬ್ಬರೂ ಒಂದು ಟುವಾಲಿನಡಿ ಕೈ ಸೇರಿಸಿ, ಬೆರಳು ಹಿಡಿದು ಲೆಕ್ಕ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಟುವಾಲು ಮಿಸುಕಾಡುವುದಷ್ಟೇ. ಅದರಡಿ ಆದ ಮಾತನ್ನು ಆಮೇಲೆ ಯಾರೂ ಪ್ರಶ್ನಿಸುವಂತಿಲ್ಲ, ಅದು ಸಂತೆಯ ಕಟ್ಟಳೆ. ಹೊಸದಾಗಿ ಮದುವೆಯಾದಾಗ, ಅತ್ತೆಯ ಎದುರು ಗಂಡನೊಡನೆ ಮಾತಾಡುವಂತಿಲ್ಲದ ಕಾಲದಲ್ಲಿ, ಹೆಂಡತಿ ಶಕುಂತಲಾಬಾಯಿಗೆ ಅವನು ಇದನ್ನು ಕಲಿಸಿಕೊಟ್ಟಿದ್ದ. ನೀರಿನ ತಂಬಿಗೆ ಕೊಡುವಾಗ ಅವಳು ಸೆರಗಿನಡಿ ಕೈ ಚಾಚುತ್ತಿದ್ದಳು, ಇವನು ಎಷ್ಟು ರೊಟ್ಟಿ ಬೇಕೋ ಅಷ್ಟು ಬೆರಳು ಹಿಡಿಯುತ್ತಿದ್ದ. ಸೊಸೆಗೆ ಗಂಡನ ಹಸಿವು ಎಷ್ಟು ಚೆನ್ನಾಗಿ ತಿಳಿಯುತ್ತದೆ ಎಂದು ಅತ್ತೆ ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು.

ಈಗ ಸಂತೆಗೆ ಎತ್ತು ಬರುವುದು ಕಡಿಮೆ. ಹೊಲಗಳಿಗೆ ಟ್ರ್ಯಾಕ್ಟರ್ ಬಂದಿವೆ, ಟ್ರ್ಯಾಕ್ಟರಿಗೆ ಹಲ್ಲಿಲ್ಲ. ಮಹಾರುದ್ರಪ್ಪ ಹೆಗಲಿಗೆ ಟುವಾಲು ಹಾಕಿಕೊಂಡು ಹೋಗಿ, ಚಹಾ ಕುಡಿದು, ಹೆಗಲಿನ ಟುವಾಲನ್ನು ಹಾಗೆಯೇ ವಾಪಸು ತರುತ್ತಿದ್ದ. ಬೆರಳಿಗೆ ಕೆಲಸವಿಲ್ಲದ್ದು ಅವನಿಗೆ ಬಹಳ ಬೇಜಾರಿನ ಸಂಗತಿಯಾಗಿತ್ತು.

ಹೀಗೆ ಬೇಜಾರಾದ ಒಂದು ದಿನ ಅವನು ಬಸವಕಲ್ಯಾಣಕ್ಕೆ ಹೋಗಿ ಹಳೆಯ ದೋಸ್ತ ಶಂಶುದ್ದೀನನ ಜೊತೆ ಕುಳಿತು ಬಂದ. ಶಂಶುದ್ದೀನ್ ಎತ್ತಿನ ಗೊರಸಿಗೆ ಲಾಳ ಬಡಿಯುವವನು. ಅವನಿಗೂ ಕೆಲಸವಿರಲಿಲ್ಲ, ಹಾಗಾಗಿ ಇಬ್ಬರಿಗೂ ಸಮಯ ಚೆನ್ನಾಗಿ ಹೋಯಿತು. ತಿರುಗಿ ಬರುವಾಗ ಬಸ್ಸು ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಿದ್ದದ್ದೇ ತಡ, ಮಹಾರುದ್ರಪ್ಪನ ತೊಡೆಯ ಮೇಲಿದ್ದ ಚೀಲ ಮಿಯಾಂವ್ ಎಂದಿತು. ಕಂಡಕ್ಟರ್ ತಿರುಗಿ ನೋಡಿದ. ಮಹಾರುದ್ರಪ್ಪ ಗಾಬರಿಯಿಂದ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ಚೀಲ ಇನ್ನೊಮ್ಮೆ ಕೂಗಿತು. ಈ ವಯಸ್ಸಿನಲ್ಲಿ ಮಿರ್ಚಿ ಭಜಿ ತಿನ್ನಬಾರದು, ಅಜವಾನ ತಿನ್ನಬೇಕು ಎಂದು ಕಂಡಕ್ಟರ್ ಹುಮನಾಬಾದಿನವರೆಗೂ ಉಪದೇಶ ಮಾಡಿದ.

ಮನೆಯಲ್ಲಿ ಚೀಲ ಬಿಚ್ಚಿದರೆ, ಮಡಿಸಿಟ್ಟ ಟುವಾಲಿನೊಳಗೆ ಬೂದು ಬಣ್ಣದ ಬೆಕ್ಕಿನ ಮರಿ. ಫೋನು ಮಾಡಿದಾಗ ಶಂಶುದ್ದೀನ್ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಅದು ಅವನ ಛಪ್ಪರದ ಹತ್ತಿರ ಎಲ್ಲಿಂದಲೋ ಬಂದು ಸೇರಿಕೊಂಡ ಮರಿ, ತಾಯಿ ಎಲ್ಲಿ ಹೋಯಿತೋ ಪತ್ತೆಯಿಲ್ಲ, ಸೊಸೆ ಇಶ್ರತ್ ಹಾಲು ಹಾಕುತ್ತಿದ್ದಳು, ನಾವು ಮಾತಾಡುವಾಗ ಚೀಲಕ್ಕೆ ನುಸುಳಿರಬೇಕು ಎಂದ. ಬೇಡವಾದರೆ ಸಂತೆಯ ದಿನ ಬಂದು ವಾಪಸು ಒಯ್ಯುತ್ತೇನೆ, ಇಶ್ರತ್ ಹೇಗೂ ಕೇಳುತ್ತಿದ್ದಾಳೆ ಎಂದೂ ಸೇರಿಸಿದ. ಮಹಾರುದ್ರಪ್ಪ ಹೂಂ ಎನ್ನುವಷ್ಟರಲ್ಲಿ ಮರಿ ಅವನ ಹೆಬ್ಬೆರಳನ್ನು ಎರಡೂ ಮುಂಗಾಲಿನಿಂದ ಹಿಡಿದು ಚೀಪತೊಡಗಿತು. ಎಷ್ಟೋ ಕಾಲದಿಂದ ಯಾರೂ ಕೇಳದಿದ್ದ ಬೆರಳು ಅದು. ಮಹಾರುದ್ರಪ್ಪ ಅಲ್ಲಿಯೇ ಸೋತ. ಅದಕ್ಕೆ ಹೋರಿ ಎಂದು ಹೆಸರಿಟ್ಟ.

ಶಕುಂತಲಾಬಾಯಿ ಹೆಸರನ್ನು ಒಪ್ಪಲಿಲ್ಲ, ಬೆಕ್ಕನ್ನೂ ಒಪ್ಪಲಿಲ್ಲ. ಮನ್ನಾಏಖೇಳ್ಳಿಗೆ ಕೊಟ್ಟ ಮಗಳು ದ್ರೌಪತಿಯ ಮನೆಯಲ್ಲಿ ಬೆಕ್ಕುಗಳಿದ್ದವು, ಅವಳಿಗೆ ಫೋನು ಹಚ್ಚಿ ವಿಚಾರಿಸಿದಳು. ಎರಡು ತಿಂಗಳು ತುಂಬಿದ ಮರಿ ತಾನೇ ತಿನ್ನುತ್ತದೆ, ಅದಕ್ಕಿಂತ ಸಣ್ಣದಾದರೆ ಹತ್ತಿಯಲ್ಲಿ ಹಾಲು ಅದ್ದಿ ಗಳಿಗೆಗೊಮ್ಮೆ ಬಾಯಿಗೆ ಹಿಂಡಬೇಕು ಎಂದು ದ್ರೌಪತಿ ಹೇಳಿದಳು. ಶಕುಂತಲಾಬಾಯಿ ಫೋನು ಇಟ್ಟು ತೀರ್ಪು ಕೊಟ್ಟಳು.

"ಎರಡು ತಿಂಗಳು ತುಂಬಿದ್ರ ಇರ್ಲಿ. ತುಂಬಿಲ್ಲಂದ್ರ ಶಂಶುಭಾಯಿ ಜೋಡಿ ವಾಪಸ್ ಕಳಸ್ರಿ. ನಾಕು ಮಕ್ಕಳಿಗಿ ಹಾಲು ಕುಡಿಸಿ ಬೆಳಸೀನಿ. ಈಗ ಬೆಕ್ಕಿಗಿ ತಾಯಿ ಆಗೋದು ನನ್ನ ಕೈಲಿಂದ ಆಗಂಗಿಲ್ಲ. ವಯಸ್ಸು ನೀವೇ ನೋಡಿ ಹೇಳ್ರಿ, ಹಲ್ಲಿನ ಮಾತಿನ್ಯಾಗ ನೀವು ಸುಳ್ಳು ಆಡಂಗಿಲ್ಲ."

ಇಂಥ ಗೌರವ ಹೆಂಡತಿಯಿಂದ ಸಿಗುವುದು ಅಪರೂಪ. ಮಹಾರುದ್ರಪ್ಪ ಟುವಾಲು ಕೊಡವಿ ಹೆಗಲಿಗೆ ಹಾಕಿಕೊಂಡು, ಮರಿಯನ್ನು ಎಡಗೈಯಲ್ಲಿ ಹಿಡಿದು, ಸಂತೆಯ ಗತ್ತಿನಲ್ಲಿಯೇ ಬಾಯಿಯ ಮೂಲೆಯ ಖಾಲಿ ಜಾಗಕ್ಕೆ ಬೆರಳು ತೂರಿಸಿದ. ಬೆಕ್ಕಿನ ಬಾಯಿಯಲ್ಲಿ ಆ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ಸೂಜಿಯಂಥ ಕೋರೆಹಲ್ಲು ಕಾಯುತ್ತಿರುತ್ತದೆ. ಅವನು ಕೂಗಿದ್ದು ಓಣಿಯ ತುದಿಯ ಹೋಟೆಲಿನವರೆಗೂ ಕೇಳಿಸಿತು. ಎತ್ತಿಗೆ ಮೇಲಿನ ಮುಂದಿನ ಹಲ್ಲು ಇರುವುದೇ ಇಲ್ಲ, ಕೆಳಗಿನವಷ್ಟೇ. ಇದಕ್ಕೆ ಮೇಲೂ ಇದ್ದವು, ಕೆಳಗೂ ಇದ್ದವು. ತಾನು ಹುಟ್ಟಿದಾಗಿನಿಂದ ಬೆಕ್ಕುಗಳನ್ನು ಕಂಡಿದ್ದರೂ ಅವುಗಳ ಬಾಯಿಯ ವ್ಯವಸ್ಥೆಯ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ. ಆದರೂ ಮರ್ಯಾದೆ ಬಿಡದೆ ಕೆಳಗಿನ ಸಾಲು ಎಣಿಸಿದ.

"ಆರು ಹಲ್ಲ ಅದ."

"ಅಂದ್ರ?"

"ಅಂದ್ರ ನಾಕು ವರ್ಷ ಆಗ್ಯದ."

ಶಕುಂತಲಾಬಾಯಿ ಗಂಡನ ಅಂಗೈಯಲ್ಲಿ ಇನ್ನೂ ಜಾಗ ಉಳಿಸಿ ಮಲಗಿದ್ದ ಪ್ರಾಣಿಯನ್ನು ನೋಡಿದಳು. "ಬಾಯಿಗೂಡಿದ ಮ್ಯಾಲ ಕಿಸೆದಾಗ ಇಟಗೊಂಡು ತಿರಗ್ರಿ," ಎಂದು ಒಳಗೆ ಹೋದಳು.

ಹೆಬ್ಬೆರಳಿಗೆ ಅರಿಶಿನ ಹಚ್ಚಿಕೊಂಡು ಮಹಾರುದ್ರಪ್ಪ ಯೋಚಿಸಿದ. ವಿದ್ಯೆ ತಪ್ಪಲ್ಲ, ಪ್ರಾಣಿ ಬೇರೆ. ಹೋಲಿಸಿ ನೋಡಲು ವಯಸ್ಸು ಗೊತ್ತಿರುವ ಬೇರೆ ಬೆಕ್ಕಿನ ಬಾಯಿ ಬೇಕು. ಓಣಿಯ ತುದಿಯ ಹೋಟೆಲಿನ ಗೋವರ್ಧನನ ಬೆಕ್ಕು ಹಿಟ್ಟಿನ ಚೀಲಗಳ ನಡುವೆ ಮರಿ ಹಾಕಿತ್ತು. ಅವು ಹುಟ್ಟಿದ ದಿನವೇ ಗೋವರ್ಧನನ ಮಗಳ ಸೀಮಂತವಿದ್ದದ್ದರಿಂದ ಎರಡು ತಿಂಗಳಾಯಿತು ಎಂಬುದರಲ್ಲಿ ಅನುಮಾನವಿರಲಿಲ್ಲ. ಮಹಾರುದ್ರಪ್ಪ ಹೋಗಿ ಆ ಮರಿಗಳ ಬಾಯಿ ಒಂದೊಂದಾಗಿ ತೆರೆಸಿ ನೋಡಿದ. ಮೂರನೆಯದನ್ನು ಹಿಡಿದಾಗ ತಾಯಿ ಬೆಕ್ಕು ಬಂತು. ಆಮೇಲೆ ನಡೆದದ್ದನ್ನು ಗೋವರ್ಧನ ಗಿರಾಕಿಗಳಿಗೆ ಇಂದಿಗೂ ಅಭಿನಯಿಸಿ ತೋರಿಸುತ್ತಾನೆ. ದಲಾಲ ಈಗ ಬೆಕ್ಕಿನ ವ್ಯಾಪಾರಕ್ಕೆ ಇಳಿದಿದ್ದಾನೆ ಎಂಬ ಸುದ್ದಿ ಸಂಜೆಯೊಳಗೆ ಊರು ಸುತ್ತಿ ಬಂತು.

ಆದರೆ ತಿಳಿಯಬೇಕಾದದ್ದು ತಿಳಿದಿತ್ತು. ಗೋವರ್ಧನನ ಮರಿಗಳಿಗೆ ದವಡೆಯ ಹಿಂದಿನ ಹಲ್ಲುಗಳು ಬಂದಿದ್ದವು. ಹೋರಿಯ ದವಡೆಯಲ್ಲಿ ಹಿಂದೆ ಬರೀ ಗುಲಾಬಿ ವಸಡು. ಹೋರಿಗೆ ಆದದ್ದು ಒಂದೇ ತಿಂಗಳು, ಬಹಳವಾದರೆ ಅದರ ಮೇಲೆ ನಾಲ್ಕು ದಿನ. ಹರೆಯದ್ದು ಮಾಡಲು ಅರವಿದೆ, ಹಲ್ಲು ಉಜ್ಜಿ ವಯಸ್ಸು ಇಳಿಸಬಹುದು. ಏರಿಸುವ ಉಪಾಯವನ್ನು ಯಾವ ಕಳ್ಳ ದಲಾಲನೂ ಕಂಡುಹಿಡಿದಿರಲಿಲ್ಲ.

ಉಳಿದದ್ದು ಒಂದೇ ದಾರಿ, ಸಂತೆಯ ದಿನದೊಳಗೆ ಅದು ತಾನೇ ತಿನ್ನುವುದನ್ನು ಕಲಿಯಬೇಕು. ಮಹಾರುದ್ರಪ್ಪ ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ತಟ್ಟೆಯಲ್ಲಿ ಇಟ್ಟ. ಹೋರಿ ಅದನ್ನು ಮೂಸಿ, ಒಳಗೆ ಇಳಿದು, ಕುಳಿತುಕೊಂಡಿತು. ಅವನೇ ನೆಲಕ್ಕೆ ಬಾಗಿ ನಾಲಿಗೆ ಹೊರಹಾಕಿ ಹೇಗೆ ನೆಕ್ಕಬೇಕೆಂದು ತೋರಿಸಿಕೊಟ್ಟ. ಹೋರಿ ಅವನ ಮೀಸೆ ಹಿಡಿದು ಆಡಿತು. ಆದರೂ ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವ ಹೊತ್ತಿಗೆ ದಿನವೂ ಅದರ ಹೊಟ್ಟೆ ಬುರುಬುರು ಉಬ್ಬಿರುತ್ತಿತ್ತು. ತಾನು ಮಲಗಿದಾಗ ಅದು ನಾಚಿಕೆ ಬಿಟ್ಟು ರೊಟ್ಟಿ ತಿನ್ನುತ್ತಿದೆ ಎಂದು ಅವನು ಹಿಗ್ಗಿದ. ತಟ್ಟೆಯಲ್ಲಿನ ರೊಟ್ಟಿ ಕಡಿಮೆಯಾಗದೆ ಇರುವುದು ಮಾತ್ರ ಅವನ ಲೆಕ್ಕಕ್ಕೆ ಬರಲಿಲ್ಲ.

ಆ ವಾರ ಮನೆಯಲ್ಲಿ ಇನ್ನೊಂದು ತೊಂದರೆಯೂ ಇತ್ತು. ಸಂಜೆ ದೇವರ ದೀಪ ಹತ್ತುತ್ತಿರಲಿಲ್ಲ. ಬತ್ತಿ ಚಟಚಟ ಎಂದು ಆರುತ್ತಿತ್ತು. ಮಹಾರುದ್ರಪ್ಪ ಅಂಗಡಿಗೆ ಹೋಗಿ, ಎಣ್ಣೆಯಲ್ಲಿ ನೀರು ಬೆರೆಸುತ್ತೀರಿ ಎಂದು ಜಗಳ ತೆಗೆದು ಬಂದ. ಶಕುಂತಲಾಬಾಯಿ ಜಗಳವನ್ನು ಬಹಳ ಉತ್ಸಾಹದಿಂದ ಬೆಂಬಲಿಸಿದಳು.

ಸಂತೆಯ ದಿನ ಶಂಶುದ್ದೀನ್ ಬಂದ. ಮರಿ ಒಯ್ಯಲು ಇಶ್ರತ್ ಕೊಟ್ಟ ಬಿದಿರು ಬುಟ್ಟಿಯೂ ಜೊತೆಗಿತ್ತು. ಬುಟ್ಟಿ ನೋಡಿದ್ದೇ ಮಹಾರುದ್ರಪ್ಪ ಹೋರಿಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ರಾತ್ರಿಯಿಡೀ ಅವನು ಎರಡು ತಿಂಗಳು, ಎರಡು ತಿಂಗಳು ಎಂದು ಬಾಯಿಪಾಠ ಮಾಡಿದ್ದ. ಅಷ್ಟು ಸಣ್ಣ ಸುಳ್ಳು, ಅದೂ ಬೆಕ್ಕಿನ ಹಲ್ಲಿನ ಬಗ್ಗೆ. ಶಕುಂತಲಾಬಾಯಿ ಎದುರಿಗೆ ಬಂದು ಕುಳಿತು ಎಷ್ಟಾಯಿತು ಎಂದು ಕೇಳಿದಳು. ಮಹಾರುದ್ರಪ್ಪ ಬಾಯಿ ತೆರೆದ. ಎರ ಎಂದ. ಮುಂದೆ ಹೋಗಲಿಲ್ಲ. ಇನ್ನೊಮ್ಮೆ ಎರ ಎಂದು ಕೆಮ್ಮಿದ.

ಶಂಶುದ್ದೀನ್ ದೋಸ್ತನ ಮುಖ ನೋಡಿ ಕನಿಕರಪಟ್ಟ. "ದಲಾಲ್ ಸಾಬ, ಬಾಯಿಲೆ ಬರದಿದ್ರ ಟುವಾಲ ಹಾಕ್ರಿ. ವೈನಿ, ನೀವೂ ಕೈ ಕೊಡ್ರಿ. ಟುವಾಲಿನ್ಯಾಗ ಏನು ಆಗ್ತದೋ ಅದೇ ಪಕ್ಕಾ."

ಟುವಾಲು ಹರಡಿತು. ಅದರಡಿ, ಎಷ್ಟೋ ವರ್ಷಗಳ ಮೇಲೆ, ಆ ಎರಡು ಕೈಗಳು ಸೇರಿದವು. ಮಹಾರುದ್ರಪ್ಪ ಕಣ್ಣು ಮುಚ್ಚಿದ. ಸುಳ್ಳು ಹೇಳಲು ಬೆರಳಿಗೂ ಆಗಲಿಲ್ಲ. ಹೆಂಡತಿಯ ಒಂದೇ ಒಂದು ಬೆರಳು ಹಿಡಿದ. ಒಂದು ತಿಂಗಳು. ಹೋರಿ ಹೋಯಿತು ಎಂದುಕೊಂಡ. ಬಹಳ ಸಂಕಟವಾಯಿತು.

ಶಕುಂತಲಾಬಾಯಿಯ ಕೈ ತಿರುಗಿ ಅವನ ಎರಡು ಬೆರಳು ಹಿಡಿಯಿತು.

ಅವಳು ಲೆಕ್ಕ ಮರೆತಿದ್ದಾಳೆ ಎಂದುಕೊಂಡು ಅವನು ಮತ್ತೆ ಒಂದೇ ಹಿಡಿದ. ಅವಳು ಮತ್ತೆ ಎರಡು ಹಿಡಿದು, ಈ ಸಲ ಅರಿಶಿನ ಹಚ್ಚಿದ ಹೆಬ್ಬೆರಳನ್ನು ಚೆನ್ನಾಗಿ ಚಿವುಟಿದಳು. ಆಗ ಅವನಿಗೆ ತಿಳಿಯಿತು, ಅವಳ ಬೆರಳ ತುದಿಗೆ ಒದ್ದೆ ಹತ್ತಿಯ ಎಳೆಗಳು ಅಂಟಿದ್ದವು. ದೀಪ ಹತ್ತದ್ದು ಯಾಕೆ, ಹೊಟ್ಟೆ ಉಬ್ಬಿದ್ದು ಯಾಕೆ, ಎಣ್ಣೆಯವನ ಮೇಲೆ ಅವಳಿಗೆ ಅಷ್ಟು ಸಿಟ್ಟು ಯಾಕೆ ಎಂಬುದೆಲ್ಲ ಒಟ್ಟಿಗೇ ಅರ್ಥವಾಯಿತು. ಹಾಲಲ್ಲಿ ಅದ್ದಿದ ಬತ್ತಿಗಳನ್ನು ಅವಸರದಲ್ಲಿ ದೇವರ ಬತ್ತಿಗಳ ಡಬ್ಬಿಗೇ ತುರುಕಿಟ್ಟಿದ್ದಳು. ಅವಳ ಮುಖ ಮಾತ್ರ ಗೋಡೆಯ ಕಡೆ ಇತ್ತು.

"ಎಷ್ಟಕ್ಕ ಆತು?" ಎಂದು ಶಂಶುದ್ದೀನ್ ಕೇಳಿದ.

"ಎರಡು," ಎಂದ ಮಹಾರುದ್ರಪ್ಪ. ಈ ಸಲ ಮಾತು ಎರ ಎಂಬಲ್ಲಿ ನಿಲ್ಲಲಿಲ್ಲ.

ಅಷ್ಟರಲ್ಲಿ ಆ ಎರಡು ತಿಂಗಳ ಪ್ರೌಢ ಬೆಕ್ಕು ಟುವಾಲಿನ ಅಂಚನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ತಾಯಿಯ ಮೊಲೆಯೆಂದೇ ಚೀಪತೊಡಗಿತ್ತು. ಶಂಶುದ್ದೀನ್ ಅದನ್ನು ನೋಡಿದ, ವೈನಿಯನ್ನು ನೋಡಿದ, ಕಟ್ಟಳೆಯನ್ನು ನೆನೆದು ಬಾಯಿ ಮುಚ್ಚಿಕೊಂಡ. ಖಾಲಿ ಬುಟ್ಟಿಯಲ್ಲಿ ಶೇಂಗಾ ಹೋಳಿಗೆ ತುಂಬಿಸಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದ.

ಸಂಜೆ ಶಕುಂತಲಾಬಾಯಿ ಪಡಸಾಲೆಯಲ್ಲಿಯೇ ಕುಳಿತು ಬತ್ತಿ ಹೊಸೆದಳು. ಎರಡು ಡಬ್ಬಿ ಇಟ್ಟುಕೊಂಡಿದ್ದಳು, ಒಂದು ದೇವರದು, ಒಂದು ಬೇರೆ. ಮಹಾರುದ್ರಪ್ಪ ದೀಪ ಹಚ್ಚಿದ, ಒಂದೇ ಕಡ್ಡಿಗೆ ಹತ್ತಿತು. ನಾಳೆ ಎಣ್ಣೆಯವನ ಬಳಿ ಹೋಗಿ ತಪ್ಪಾಯಿತು ಎನ್ನಬೇಕು ಎಂದುಕೊಂಡು ಅವನು ತಿರುಗಿದ.

"ಅಲ್ಲೇ ನಿಂತು ಏನು ನೋಡಾಕತ್ತೀರಿ," ಎಂದಳು ಅವಳು, ತಲೆ ಎತ್ತದೆ. "ಹಾಲು ಆರ್ಲಿಕತ್ತದ. ಹೋರೀನ ಹಿಡಕೊಂಡು ಬರ್ರಿ."