ಒಂಬತ್ತನೆಯ ಗೆರೆ

ಸುಮಿತ್ರಳದು ತಪ್ಪುವ ಕೈಯಲ್ಲ. ತಿರುವನಂತಪುರದ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಶಿಯನ್ ಆಗಿರುವ ಈ ಪುತ್ತೂರಿನವಳು ಒಂದು ಹನಿ ಹೆಚ್ಚು ಹಾಕಿದ್ದಿಲ್ಲ, ಒಂದು ನಂಬರು ಅದಲುಬದಲು ಮಾಡಿದ್ದಿಲ್ಲ. ಬೇರೆಯವರು ತಪ್ಪಿದರೆ ಬಿಡುವವಳೂ ಅಲ್ಲ; ನಾಲಿಗೆ ಸ್ವಲ್ಪ ಉದ್ದವೇ.

ಅವಳ ಕೆಲಸ ವೀರ್ಯಾಣುಗಳದ್ದು. ಹುಟ್ಟಿದ ಜಾಗದಿಂದ ಹೊರಟಾಗ ಅವಕ್ಕೆ ನೆಟ್ಟಗೆ ಈಜಲೂ ಬಾರದು. ಸುರುಳಿ ಸುತ್ತಿದ ಉದ್ದನೆಯ ನಾಳದಲ್ಲಿ ಕೆಲವು ದಿನ ಸಾಗುವಾಗ, ನಾಳದ ಗೋಡೆಯಿಂದ ಹೊರಬರುವ ಅತಿಸಣ್ಣ ಗುಳ್ಳೆಗಳು ಅವಕ್ಕೆ ಪ್ರೋಟೀನು ತಂದುಕೊಡಬೇಕು, ದಾರಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಆಮೇಲೆಯೇ ಅವು ಬಲಿಯುವುದು. ಆ ಬುತ್ತಿಯಲ್ಲಿ ಒಂದು ಪ್ರೋಟೀನು ಇದೆಯೋ ಇಲ್ಲವೋ ಎಂದು ಸುಮಿತ್ರ ನೋಡುತ್ತಿದ್ದಳು. ಇದ್ದರೆ ಯಂತ್ರ ತೆಗೆದ ಚಿತ್ರದಲ್ಲಿ ಆ ಸೀಸೆಯ ನಂಬರಿನ ನೇರಕ್ಕೆ ಕಪ್ಪು ಗೆರೆ ಮೂಡುತ್ತದೆ.

ಮಕ್ಕಳಾಗದವರ ಜೊತೆ ಹೋಲಿಸಲು ಆರೋಗ್ಯವಂತ ಗಂಡಸರು ಬೇಕಿತ್ತು. ವೀರ್ಯ ಕೊಡಿ ಎಂದು ಕೇಳಿದರೆ ಹೆಚ್ಚಿನವರು ಬಾಗಿಲ ಕಡೆ ನೋಡುವವರೇ. "ನಮ್ಮವರು ಕೊಡ್ತಾರೆ" ಎಂದು ಸುಮಿತ್ರ ಜಂಬದಿಂದ ಹೇಳಿಬಿಟ್ಟಳು. ಗಂಡ ದಿನಕರ ಕೊಚ್ಚಿಯಲ್ಲಿ, ಮಟ್ಟಾಂಚೇರಿಯ ಬ್ಯಾಂಕಿನಲ್ಲಿ. ಶನಿವಾರ ರೈಲು ಹತ್ತಿ ಬಂದು, ನಾಚುತ್ತಲೇ ಕೊಟ್ಟು ಹೋದ. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಅವನ ವೀರ್ಯಾಣುಗಳ ಎಣಿಕೆ ಸರಿಯಿತ್ತು; ಹಾಗಾಗಿ ಮಾತ್ರೆ ನುಂಗಿದ್ದೂ ಅತ್ತೆಯ ಮಾತು ನುಂಗಿದ್ದೂ ಇವಳೇ.

ಅವನ ಸೀಸೆಗೆ ನಂಬರು ಅಂಟಿಸಿದವಳೂ ಇವಳೇ. ಒಂಬತ್ತು.

ಆರೋಗ್ಯವಂತರ ಹನ್ನೆರಡು ಸೀಸೆಗಳಲ್ಲಿ ಹನ್ನೊಂದಕ್ಕೆ ಗೆರೆ ಮೂಡಿತು. ಒಂಬತ್ತನೆಯದು ಬೋಳು.

"ಕೈ ತಪ್ಪಿರಬೇಕು, ಇನ್ನೊಮ್ಮೆ ಮಾಡಿ" ಎಂದರು ಮುಖ್ಯಸ್ಥೆ ರಾಜಲಕ್ಷ್ಮಿ. ಯಾರ ಸೀಸೆಯೆಂದು ತಿಳಿಯದ ಅವರಿಗೆ ಅದು ಬರೀ ಒಂದು ನಂಬರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಸುಮಿತ್ರ ತನ್ನ ಕೈ ತಪ್ಪಿರಲಿ ಎಂದು ದೇವರಿಗೆ ಹರಕೆ ಹೊತ್ತಳು. ಒಂದು ಪ್ರೋಟೀನು ಇಲ್ಲವೆಂದ ಮಾತ್ರಕ್ಕೆ ಮಕ್ಕಳೇ ಆಗುವುದಿಲ್ಲ ಎನ್ನಲಾಗದು, ಅದು ಅವಳಿಗೆ ಗೊತ್ತು. ಹೆದರಿಕೆಗೆ ಆ ಮಾತು ಕೇಳಿಸಲಿಲ್ಲ. ಮತ್ತೆ ಹನಿ ಹಾಕಿದಳು; ಒಂದೂ ತಪ್ಪಲಿಲ್ಲ. ಹಾಳು ಕೈ! ಮರುದಿನ ಪರದೆಯ ಮೇಲೆ ಎಂಟರ ಗೆರೆ ಕಂಡಿತು, ಹತ್ತರ ಗೆರೆ ಕಂಡಿತು. ನಡುವೆ ಏನೂ ಇರಲಿಲ್ಲ.

ಊಟದ ಹೊತ್ತಿಗೆ ದಿನಕರನ ಫೋನು.

"ನಂದು ಎಂತ ಬಂತು?"

"ಗೊತ್ತಾಗ್ಲಿಲ್ಲ ಮಾರಾಯ್ರೆ. ನನ್ನ ಕೈ ತಪ್ಪಿತು."

"ನಿನ್ನ ಕೈಯಾ, ಸುಮಿತ್ರ?" ಎಂದ ದಿನಕರ, ಬಹಳ ಮೆಲ್ಲಗೆ.