ಉಕ್ಕಿನ ಉಗ್ರಪ್ಪನ ಸೋಲು

ಆಂಜನಪ್ಪನಷ್ಟು ಸಾಧು ಮನುಷ್ಯ ಕೆ.ಜಿ.ಎಫ್.ನ ಕ್ವಾರ್ಟರ್ಸ್ ಸಾಲಿನಲ್ಲೇ ಇರಲಿಲ್ಲ. ಮಣ್ಣೆತ್ತುವ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ವೆಲ್ಡರ್. ನಲ್ಲಿ ನೀರಿನ ಸಾಲಿನಲ್ಲಿ ಯಾರಾದರೂ ನಡುವೆ ನುಸುಳಿದರೆ ತಾನೇ ಹಿಂದಕ್ಕೆ ಸರಿದು ಜಾಗ ಬಿಡುವ ಪೈಕಿ. ಇಂಥವನನ್ನು ತಿಂಗಳಿಗೊಂದು ಭಾನುವಾರ ಸಂಜೆ ಕೋರಮಂಡಲ್ ಮೈದಾನದಲ್ಲಿ ಊರಿಗೆ ಊರೇ ಸೇರಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬಾಯಿಗೆ ಬಂದಂತೆ ಬೈಯುತ್ತಿತ್ತು. ಏಕೆಂದರೆ ಅವತ್ತು ಅವನು ಆಂಜನಪ್ಪನಲ್ಲ, ಉಕ್ಕಿನ ಉಗ್ರಪ್ಪ. ಕರಿ ಬನಿಯನ್ನು, ಗಣಿಯವರ ಹಳೇ ಟೋಪಿ, ಕಾಡಿಗೆಯಲ್ಲಿ ತೀಡಿದ ಕಿವಿವರೆಗಿನ ಮೀಸೆ. ಹಗ್ಗ ಕಟ್ಟಿದ ರಿಂಗಿನೊಳಗೆ ಬಂದು ಜನರತ್ತ ಕಣ್ಣು ಕೆಕ್ಕರಿಸಿ, ತೊಡೆ ತಟ್ಟಿ, ಮೋಸದ ಆಟವಾಡಿ, ಕೊನೆಗೆ ತಪ್ಪದೆ ಸೋಲುವುದು ಅವನ ಕೆಲಸ.

ಈ ಕುಸ್ತಿ ಕಂಪನಿಯನ್ನು ಕಟ್ಟಿದವನು ಕುಪ್ಪುಸ್ವಾಮಿ. ಮೊದಲು ಗಣಿಯಲ್ಲಿದ್ದ, ಗಣಿ ಮುಚ್ಚಿದ ಮೇಲೆ ಶಾಮಿಯಾನ ಬಾಡಿಗೆಗೆ ಕೊಡುತ್ತಿದ್ದ, ಆಮೇಲೆ ಆ ಶಾಮಿಯಾನದ ಕೆಳಗೇ ಜನ ಸೇರಿಸುವ ಉಪಾಯ ಹುಡುಕಿದ. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದನ್ನು ಅವನು ಮೊದಲೇ ಹೇಳಿರುತ್ತಾನೆ. ಇದು ಊರಿಗೆಲ್ಲ ಗೊತ್ತು. "ಎಲ್ಲಾ ಮುಂಚೇನೇ ಮಾತಾಡ್ಕೊಂಡಿರೋದು ಕಣ್ಲಾ" ಎಂದು ಜನ ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಾರೆ. ಈ ಸಲ ಗಣಿ ತೆರೆದೇ ತೆರೆಯುತ್ತದೆ ಎಂದು ಪ್ರತಿ ಚುನಾವಣೆಯಲ್ಲೂ ನಂಬಿ ಓಟು ಹಾಕಿ ಬರುವವರೂ ಇದೇ ಜನ. ಅವರಿಗೆ ಮೋಸ ಕಾಣುವುದು ಕುಸ್ತಿಯಲ್ಲಿ ಮಾತ್ರ.

ಮೊದಲೇ ಮಾತಾಡಿಕೊಂಡದ್ದಾದರೆ ಏನಾಯಿತು? ಬೀಳುವ ಬೆನ್ನು ನಿಜವಾದದ್ದೇ ಅಲ್ಲವೇ? ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಟ್ಟು, ಬೆನ್ನಿಡೀ ಒಮ್ಮೆಗೇ ಹಲಗೆಗೆ ತಾಗುವಂತೆ ಬೀಳಬೇಕು. ಒಂದು ಮೂಳೆ ಮೊದಲು ತಾಗಿದರೂ ಮರುದಿನ ವೆಲ್ಡಿಂಗ್ ಕಡ್ಡಿ ಹಿಡಿಯುವ ಹಾಗಿಲ್ಲ. ಆಂಜನಪ್ಪ ಇದನ್ನು ವರ್ಷಗಟ್ಟಲೆ ಕಲಿತಿದ್ದ. ಅವನ ಆಟ ನೆಲದ ಆಟ. ಎದುರಾಳಿಯ ತೋಳು ಸಿಕ್ಕರೆ ತಿರುಚಿ, ಕಾಲು ಸಿಕ್ಕರೆ ಮಡಚಿ, ಮೈಮೇಲೆ ಭಾರ ಬಿಟ್ಟು, ಬಿಸಿ ಮುದ್ದೆಯನ್ನು ಅವಸರವಿಲ್ಲದೆ ಮುರಿಯುವವನ ಹಾಗೆ ಒಂದೊಂದೇ ಪಟ್ಟು ಹಾಕುತ್ತಿದ್ದ. ಅವನಿಗೆ ಜೋಡಿಯಾಗಿ ಸಿಕ್ಕವನು ಅದೇ ಊರಿನ ಮೈಸೂರು ಮೈನ್ಸ್ ಬಡಾವಣೆಯ ವೆಂಕಿ. ಮೂಳೆ ಚಕ್ಕಳದ ಹುಡುಗ, ಗಾಳಿಪಟ ವೆಂಕಿ ಎಂದೇ ಪೋಸ್ಟರಿನಲ್ಲಿ ಹೆಸರು. ಅವನ ಕಾಲು ನೆಲದ ಮೇಲೆ ನಿಲ್ಲುತ್ತಿದ್ದುದೇ ಅಪರೂಪ. ಮೂಲೆಯ ಕಂಬ ಹತ್ತಿ, ಅಲ್ಲಿಂದ ಗಾಳಿಯಲ್ಲಿ ಪಲ್ಟಿ ಹೊಡೆದು ಎದುರಾಳಿಯ ಎದೆಗೇ ಇಳಿಯುತ್ತಿದ್ದ.

ಇಬ್ಬರು ಹಾರುವವರನ್ನು ಬಿಟ್ಟರೆ ಸರ್ಕಸ್ಸಾಗುತ್ತದೆ, ಇಬ್ಬರು ಹಿಡಿಯುವವರನ್ನು ಬಿಟ್ಟರೆ ಜನ ಆಕಳಿಸುತ್ತಾರೆ. ಒಬ್ಬ ನೆಲಕ್ಕೆಳೆಯಬೇಕು, ಇನ್ನೊಬ್ಬ ಹೇಗಾದರೂ ಬಿಡಿಸಿಕೊಂಡು ಮೇಲೇಳಬೇಕು. ಆಂಜನಪ್ಪ ಎಷ್ಟು ಹೊತ್ತು ಒತ್ತಿ ಹಿಡಿಯುತ್ತಾನೋ ಅಷ್ಟೂ ಹೊತ್ತು ಜನರ ಉಸಿರು ಕಟ್ಟಿರುತ್ತಿತ್ತು. ವೆಂಕಿ ತಪ್ಪಿಸಿಕೊಂಡು ಕಂಬ ಹತ್ತಿದಾಗ ಮೈದಾನಕ್ಕೆ ಮೈದಾನವೇ ಎದ್ದು ನಿಲ್ಲುತ್ತಿತ್ತು. ಚಪ್ಪಾಳೆ ಎಲ್ಲ ವೆಂಕಿಗೆ, ಬೈಗುಳ ಎಲ್ಲ ಆಂಜನಪ್ಪನಿಗೆ. ಗಾಳಿಯಲ್ಲಿರುವ ಹುಡುಗನನ್ನು ತನ್ನ ಎದೆಯ ಮೇಲೆ ಹಿಡಿದುಕೊಂಡು ಅವನ ಕತ್ತು ಉಳಿಸುತ್ತಿದ್ದುದು ಮಾತ್ರ ಆಂಜನಪ್ಪ. ಅದು ಯಾರಿಗೂ ಕಾಣಬಾರದು, ಕಂಡರೆ ಆಟ ಕೆಟ್ಟಿತು.

ಹೀಗೆ ಸೋಲುತ್ತಾ ನೆಮ್ಮದಿಯಾಗಿದ್ದವನಿಗೆ ಮಗಳ ಮದುವೆ ವಿಚಾರ ಬಂದು ಗಂಟುಬಿತ್ತು. ಮಗಳು ಮಧುಶ್ರೀ ಬಂಗಾರಪೇಟೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನಾ ಹೋಗಿಬರುವ ಬಸ್ಸಿನಲ್ಲಿ ಕ್ಯಾಸಂಬಳ್ಳಿ ಕಡೆಯ ಬಾಲಾಜಿಯ ಪರಿಚಯವಾಗಿ, ಪರಿಚಯ ಗಟ್ಟಿಯಾಗಿ, ಮದುವೆಯಾದರೆ ಅವನನ್ನೇ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಳು. ಕುಲ ಗೋತ್ರ ಎಲ್ಲ ಕೂಡಿ ಬಂದಿತ್ತು. ಕೂಡಿ ಬರದೆ ನಿಂತಿದ್ದವನು ಬಾಲಾಜಿಯ ಅಪ್ಪ ಸೊಣ್ಣಪ್ಪ. ಮಗನೋ, ಅಪ್ಪ ಹೂಂ ಅನ್ನದೆ ತಾಳಿ ಮುಟ್ಟಲಾರದ ಜಾತಿ.

ಸೊಣ್ಣಪ್ಪ ನಾಲ್ಕು ಸೀಮೆಹಸುಗಳ ಒಡೆಯ, ಅದಕ್ಕಿಂತ ಹೆಚ್ಚಾಗಿ ಗರಡಿ ಮನೆತನದವನು. ಅವನ ಅಪ್ಪ ಕಟ್ಟಿಸಿದ ಗರಡಿ ಈಗ ಹಿಂಡಿ ಮೂಟೆ ಇಡುವ ಕೋಣೆಯಾಗಿತ್ತು. ಸೊಣ್ಣಪ್ಪ ಮಾತ್ರ ಇನ್ನೂ ಎದೆ ಸೆಟೆಸಿಕೊಂಡೇ ಹಾಲು ಕರೆಯುತ್ತಿದ್ದ. ಹೆಣ್ಣು ನೋಡಲು ಬಂದವನು ಎರಡು ಸಲ ಕೇಸರಿಬಾತು ಹಾಕಿಸಿಕೊಂಡು ತಿಂದ, ಕ್ವಾರ್ಟರ್ಸಿನ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದ. "ಊರ್ಗೋಗಿ ತಿಳಿಸ್ತೀವಿ" ಅಂದ. ಅದಾಗಿ ಎರಡು ಹುಣ್ಣಿಮೆ ಕಳೆದರೂ ಸುದ್ದಿಯಿಲ್ಲ. ಹೊಲವಿಲ್ಲ, ಸ್ವಂತ ಮನೆಯಿಲ್ಲ, ಇಂಥವರ ಜೊತೆ ಬೀಗತನ ಹೇಗೆ ಎಂಬುದು ಅವನ ಅನುಮಾನವಂತೆ. ಮಧುಶ್ರೀ ಊಟ ಬಿಡಲಿಲ್ಲ, ಅಳಲಿಲ್ಲ, ಬಸ್ಸಿನಿಂದ ಇಳಿದು ಬರುವಾಗ ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ ಅಷ್ಟೆ. ಆಂಜನಪ್ಪನಿಗೆ ಅದನ್ನು ನೋಡುವುದೇ ಕಷ್ಟವಾಗಿತ್ತು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಸೊಣ್ಣಪ್ಪನ ಕಿವಿಗೆ, ಆಂಜನಪ್ಪ ಕುಸ್ತಿ ಆಡುತ್ತಾನೆ ಎಂದು ಹಾಕಿಬಿಟ್ಟರು. ಕೂಡಲೇ ಫೋನು ಬಂತು.

"ಏನ್ ಸಾಮಿ, ಪೈಲ್ವಾನ್ರು ಅಂತ ಮೊದ್ಲೇ ಏಳ್ಬಾರ್ದಾ? ಗೋಡೆ ಗೀಡೆ ನೋಡ್ಕೊಂಡು ಕುಂತಿದ್ದೆ ನಾನು! ಭಾನ್ವಾರ ಮನೆಮಂದಿಯೆಲ್ಲಾ ಬತ್ತೀವಿ. ನಿಮ್ ಕುಸ್ತಿ ನೋಡ್ಬುಟ್ಟು, ಆಗುತ್ತೋ ಇಲ್ವೋ ಅಲ್ಲೇ ಏಳ್ಬುಟ್ಟು ಓಯ್ತೀನಿ."

ಆಂಜನಪ್ಪ ಫೋನು ಕೆಳಗಿಟ್ಟ. ಗರಡಿಯವರ ಲೋಕದಲ್ಲಿ ಗೆದ್ದವನು ಗಂಡು, ಸೋತವನು ಸೋತವನೇ.

ಹೆಂಡತಿ ದ್ಯಾವಮ್ಮನಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. "ಸಾವಿರ ಸುಳ್ಳು ಏಳಿ ಒಂದು ಮದ್ವೆ ಮಾಡು ಅಂತಾರೆ. ನೀನು ಒಂದೇ ಒಂದ್ಸಲ ಗೆದ್ಬುಡು, ನಿನ್ ಗಂಟೇನ್ ಓಯ್ತದೆ?"

ಆಂಜನಪ್ಪ ಕುಪ್ಪುಸ್ವಾಮಿಯ ಹತ್ತಿರ ಹೋಗಿ ಹಲ್ಲು ಗಿಂಜಿದ. ಕುಪ್ಪುಸ್ವಾಮಿ ತಲೆ ಅಲ್ಲಾಡಿಸಿದ. "ಮುಡಿಯಾದು ಅಣ್ಣಾ, ಆಗಲ್ಲ. ವಿಲನ್ ಗೆದ್ರೆ ಜನ ಚೇರ್ ಒಡೀತಾರೆ ಪಾ. ವೆಂಕೀನ ನೋಡೋಕೆ ಅವತ್ತು ಚೆನ್ನೈ ಕುಸ್ತಿ ಕಂಪನಿಯವರು ಬರ್ತಾವ್ರೆ. ನಿಮ್ಮ ಮಗಳ ಮದುವೆಗೆ ಶಾಮಿಯಾನ ನಂದು, ಫ್ರೀ. ಗೆಲುವು ಮಾತ್ರ ಕೇಳ್ಬೇಡಿ."

ವಿಷಯ ತಿಳಿದ ದ್ಯಾವಮ್ಮ ಒಲೆಯ ಮುಂದೆ ಕೂತು ಸ್ವಲ್ಪ ಯೋಚಿಸಿದಳು. "ಆ ಉಡ್ಗ ಮೇಲಿಂದ ಆರ್ಕೊಂಡ್ ಬತ್ತಾನಲ್ಲ, ಆವಾಗ ನೀನು ಒಂಚೂರು ಪಕ್ಕಕ್ಕೆ ಸರ್ಕೋ. ಅವ್ನ ಪಾಡಿಗೆ ಅವ್ನು ಬೀಳ್ತಾನೆ. ಗೆದ್ದಂಗೇ ಆಯ್ತು." ಸಾರಿಗೆ ಉಪ್ಪು ಹಾಕು ಅನ್ನುವಷ್ಟು ಸಲೀಸಾಗಿ ಹೇಳಿದಳು. ಪಾಪ, ಅವಳಿಗೇನು ಗೊತ್ತು. ಆಂಜನಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತನ್ನು ಅವನು ತಲೆಯಿಂದ ತೆಗೆಯಲಿಲ್ಲ. ಅದೇ ಅವನಿಗೆ ನಾಚಿಕೆ ತಂದದ್ದು.

ಭಾನುವಾರ ಬೀಗರಾಗಬೇಕಾದವರು ಮುಂದಿನ ಸಾಲಿನಲ್ಲಿ ಬಂದು ಕೂತರು. ಸೊಣ್ಣಪ್ಪ ಜರಿ ಪೇಟ ಸುತ್ತಿದ್ದ. ಪಕ್ಕದಲ್ಲಿ ಹೆಂಡತಿ ವೆಂಕಟರತ್ನಮ್ಮ, ಜಡೆ ತುಂಬ ಕನಕಾಂಬರ, ಆಚೆಗೆ ಬಾಲಾಜಿ. ಅವರ ಸಾಲಿನಲ್ಲೇ ದ್ಯಾವಮ್ಮ, ಮಧುಶ್ರೀ. ಹಗ್ಗ, ಬಣ್ಣದ ಹೊಗೆ, ಡಬ್ಬ ಬಡಿದಂಥ ಸಂಗೀತ ಎಲ್ಲ ನೋಡಿ ಸೊಣ್ಣಪ್ಪ ಮುಖ ಹುಳ್ಳಗೆ ಮಾಡಿದ. "ಮಟ್ಟಿ ಮಣ್ಣು ಎಲ್ಲಪ್ಪಾ? ಅಲಗೆ ಮೇಲೆ ಕುಸ್ತೀನಾ?" ಉಗ್ರಪ್ಪ ಒಳಗೆ ಬಂದದ್ದೇ ಜನ ಬೈಯತೊಡಗಿದರು. ಸೊಣ್ಣಪ್ಪ ಹಿಂದಕ್ಕೆ ತಿರುಗಿ, "ಯಾವನ್ಲಾ ಅವ್ನು?" ಎಂದು ಗದರಿದ.

ಆಂಜನಪ್ಪನ ಕೈಯಲ್ಲಿದ್ದದ್ದು ಒಂದೇ. ಕೊನೆ ಹೇಗಾಗಬೇಕೆಂದು ಕುಪ್ಪುಸ್ವಾಮಿ ಹೇಳಿದ್ದ, ನಡುವೆ ಏನಾಗಬೇಕೆಂದು ಹೇಳಿರಲಿಲ್ಲ. ಅವನು ಅವತ್ತು ಬಾಲ್ಯದಲ್ಲಿ ತನ್ನೂರ ಗರಡಿಯಲ್ಲಿ ಕಂಡ ಪಟ್ಟುಗಳನ್ನೆಲ್ಲ ಹೊರಗೆ ತೆಗೆದ. ಕತ್ತಿಗೆ ಕೈ ಕೊಟ್ಟು ತಿರುಗಿಸಿ ಕೆಡವಿದ. ಕಾಲಿಗೆ ಕಾಲು ಹೆಣೆದು ಕೂರಿಸಿದ. ಸೊಣ್ಣಪ್ಪ ಕುರ್ಚಿಯ ತುದಿಗೆ ಬಂದ. "ಒಳಗಾಲು ಆಕು! ಒಳಗಾಲು!" ಆಂಜನಪ್ಪ ಒಳಗಾಲು ಹಾಕಿದ. "ಶಭಾಷ್!" ಎಂದು ಸೊಣ್ಣಪ್ಪ ತನ್ನದೇ ತೊಡೆ ಚಟ್ ಎಂದು ಹೊಡೆದುಕೊಂಡ.

ಕೆಳಗೆ ಸಿಕ್ಕಿಕೊಂಡಿದ್ದ ವೆಂಕಿ, ನೋವಿನಿಂದ ನರಳುತ್ತಿರುವ ಹಾಗೆ ಮುಖ ಕಿವುಚಿಕೊಂಡು, ಪಿಸುಗುಟ್ಟಿದ: "ಮಾಮಾ, ಇನ್ನೊಂದೆರಡು ಪಟ್ಟು ಆಕಿ. ಬೀಗ್ರು ನೋಡ್ತಾವ್ರೆ. ನಂಗೇನ್ ಅರ್ಜೆಂಟಿಲ್ಲ."

ಆಂಜನಪ್ಪ ಒಮ್ಮೆ ಅವನ ಮುಖ ನೋಡಿದ. ಚೆನ್ನೈಯವರು ತನ್ನ ಹಾರಾಟ ನೋಡಲು ಬಂದಿದ್ದರೂ ಈ ಹುಡುಗ ನೆಲಕ್ಕಂಟಿಕೊಂಡು ಬಿದ್ದಿದ್ದಾನೆ. ಆಂಜನಪ್ಪ ಒಳ್ಳೆಯ ಬಿಗಿಯಾದ ಪಟ್ಟೊಂದನ್ನು ಹಾಕಿ ಹಿಡಿದ. ಇಬ್ಬರೂ ಅಲ್ಲಾಡದೆ, ಆದರೆ ಇಬ್ಬರೂ ಸೆಣಸುತ್ತಿರುವ ಹಾಗೆ, ನೋಡುವವರ ಹಲ್ಲು ತಾವಾಗಿ ಕಚ್ಚಿಕೊಳ್ಳುವ ಹಾಗೆ ಹೆಣೆದುಕೊಂಡೇ ಇದ್ದರು. ಅಂಥ ಆಟ ಆ ಮೈದಾನ ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೆ ವೆಂಕಿ ಮೀನಿನಂತೆ ಜಾರಿಕೊಂಡ, ಹಗ್ಗಕ್ಕೆ ಬಡಿದು ವಾಪಸು ಚಿಮ್ಮಿದ, ಕಂಬ ಹತ್ತಿದ.

ಮೇಲೆ ನಿಂತ ಹುಡುಗ ಕೆಳಗೆ ನೋಡಲೂ ಇಲ್ಲ. ನೋಡುವ ಅಗತ್ಯ ಅವನಿಗೆ ಎಂದೂ ಬಿದ್ದಿರಲಿಲ್ಲ. ಬೆನ್ನು ತಿರುಗಿಸಿ ಹಾರಿಬಿಟ್ಟ.

ಆಂಜನಪ್ಪನ ಕಣ್ಣಿಗೆ ಒಂದು ಕಡೆ ಸೊಣ್ಣಪ್ಪನ ಪೇಟ, ಅದರಾಚೆ ಮಗಳ ಮುಖ ಕಂಡಿತು. ಅರ್ಧ ಹೆಜ್ಜೆ ಸರಿದಿದ್ದರೆ ಸಾಕಿತ್ತು. ಅವನು ಸರಿಯಲಿಲ್ಲ. ಎರಡೂ ಕೈ ಚಾಚಿ, ಹುಡುಗನ ಭಾರವನ್ನೆಲ್ಲ ಎದೆಗೆ ತೆಗೆದುಕೊಂಡು, ಗದ್ದ ಒತ್ತಿ, ಧಡಾರನೆ ಬೆನ್ನ ಮೇಲೆ ಬಿದ್ದ. ರೆಫರಿ ಹಲಗೆ ಬಡಿದು ಎಣಿಸಿದ. ವೆಂಕಿ ಗೆದ್ದ. ಮಗಳ ಮದುವೆ ಮುರಿದೆ ಎಂದುಕೊಂಡು ಆಂಜನಪ್ಪ ಹಾಗೇ ಮಲಗಿದ್ದ.

"ನಿಲ್ಸ್ರೀ!" ಎಂದು ಸೊಣ್ಣಪ್ಪ ಎದ್ದ. ಪೇಟ ಬಾಲಾಜಿಯ ಮಡಿಲಿಗೆ ಬಿತ್ತು. ಅವನು ಹಗ್ಗದಡಿ ನುಸುಳಿ ರಿಂಗಿಗೇ ಬಂದುಬಿಟ್ಟ. "ಎಡಭುಜ ತಾಗಿಲ್ಲ! ನಾನು ಕಣ್ಣಾರೆ ನೋಡಿವ್ನಿ. ಎರಡು ಭುಜಾನೂ ಮಣ್ಣು ಮುಟ್ದಲೆ ಚಿತ್ ಎಂಗಾಯ್ತದೆ? ನಮ್ ಬೀಗ್ರು ಸೋತಿಲ್ಲ!"

ಮೈಕು ಪಕ್ಕದಲ್ಲೇ ಇತ್ತು. "ನಮ್ ಬೀಗ್ರು" ಎಂಬುದು ಕೋರಮಂಡಲ್ ದಾಟಿ ಕೇಳಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವನಿಗೆ ಮಾತ್ರ ತಾನೇನು ಆಡಿದೆ ಎಂಬ ಗೊಡವೆಯೇ ಇರಲಿಲ್ಲ. ಗರಡಿಯ ನ್ಯಾಯ ಕೇಳಲು ಬಂದಿದ್ದ, ಕೇಳಿಯೇ ಹೋಗುವವನಿದ್ದ. ಮೊದಲೇ ಮಾತಾಡಿಕೊಂಡದ್ದು ಎಂದು ಕಣ್ಣು ಹೊಡೆಯುತ್ತಿದ್ದ ಜನರೂ ಎರಡು ಪಂಗಡವಾಗಿ, ತಾಗಿತು, ತಾಗಲಿಲ್ಲ ಎಂದು ಕೂಗಾಡತೊಡಗಿದರು.

ಕುಪ್ಪುಸ್ವಾಮಿ ಓಡಿ ಬಂದು ಆಂಜನಪ್ಪನ ಕಿವಿಯಲ್ಲಿ, "ಒಪ್ಕೊಂಡ್ಬಿಡಿ ಅಣ್ಣಾ, ಸಮ ಸಮ ಅಂತ ಹೇಳ್ಬಿಡೋಣ, ಇಲ್ದಿದ್ರೆ ಶಾಮಿಯಾನ ಉಳಿಯಲ್ಲ" ಅಂದ. ಬೇಡಿದಾಗ ಸಿಗದ ವರ ಬೇಡದಿದ್ದಾಗ ಕಾಲಿಗೆ ಬಂದು ಬಿದ್ದಿತ್ತು. ಆಂಜನಪ್ಪ ವೆಂಕಿಯ ಕಡೆ ನೋಡಿದ. ಹುಡುಗ ಚೆನ್ನೈಯವರು ಕೂತಿದ್ದ ಕಡೆಗೊಮ್ಮೆ ಕಣ್ಣು ಹಾಯಿಸಿ, ತಲೆ ತಗ್ಗಿಸಿಕೊಂಡು ನಿಂತಿದ್ದ.

"ಎರಡೂ ತಾಗ್ತು ಸಾಮಿ," ಎಂದ ಆಂಜನಪ್ಪ. "ನಾನು ಸೋತೆ. ಉಡುಗ್ನೇ ಗೆದ್ದಿರೋದು."

"ನೀವ್ ಸುಮ್ಕಿರಿ!" ಸೊಣ್ಣಪ್ಪ ಗುಡುಗಿದ. "ಮಲಗಿದ್ದೋರಿಗೆ ಏನ್ ಗೊತ್ತಾಯ್ತದೆ?" ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಲೋಕ ಕಂಡಿದೆ. ಬಿದ್ದವನೇ ಒಪ್ಪಿಕೊಂಡರೂ ಅವನ ಮೀಸೆಯ ಪರವಾಗಿ ಜಗಳಕ್ಕೆ ನಿಂತವನನ್ನು ಕಂಡದ್ದು ಅವತ್ತೇ.

ಗಂಡಸರು ಹೀಗೆ ಭುಜದ ಲೆಕ್ಕದಲ್ಲಿ ಮುಳುಗಿದ್ದಾಗ ಮುಂದಿನ ಸಾಲಿನಲ್ಲಿ ವೆಂಕಟರತ್ನಮ್ಮ ಎದ್ದು ನಿಂತಳು. "ನಮ್ಮೋರ ಬಾಯಲ್ಲಿ ಬೀಗ್ರು ಅಂತ ಬಂದ್ಬುಡ್ತು. ಮನ್ಸು ತಿರುಗೋದ್ರೊಳ್ಗೆ ನನ್ ಕೆಲ್ಸ ನಾನು ಮುಗಿಸ್ಬುಡ್ತೀನಿ" ಎಂದು ದ್ಯಾವಮ್ಮನಿಗೆ ಹೇಳಿ, ಜಡೆಯಿಂದ ಕನಕಾಂಬರ ತೆಗೆದು, ಅರ್ಧ ತುಂಡು ಮಾಡಿ ಮಧುಶ್ರೀಗೆ ಮುಡಿಸಿದಳು. ಗಂಡಿನ ತಾಯಿ ಹೂವು ಮುಡಿಸಿದ ಮೇಲೆ ಮಾತು ಮುಗಿಯಿತು. ಅದನ್ನು ತೆಗೆಸುವ ಶಾಸ್ತ್ರ ಯಾವ ಗರಡಿಯಲ್ಲೂ ಇಲ್ಲ. ಬಾಲಾಜಿ ಅಪ್ಪನ ಪೇಟವನ್ನು ಎದೆಗವುಚಿಕೊಂಡು ನೆಲ ನೋಡಿದ. ಮಧುಶ್ರೀ ತಲೆಯೆತ್ತಿ ರಿಂಗಿನ ಕಡೆ, ಅಪ್ಪನ ಕಡೆ ನೋಡಿ ನಕ್ಕಳು.

ಆಂಜನಪ್ಪನಿಗೆ ತಡೆಯಲಾಗಲಿಲ್ಲ. ಹಲಗೆಯ ಮೇಲೆ ಕುಸಿದು ಕೂತು ಅತ್ತ. ಕಾಡಿಗೆಯ ಮೀಸೆ ಕರಗಿ ಗದ್ದಕ್ಕೆ ಇಳಿಯಿತು. ಜಗಳವಾಡುತ್ತಿದ್ದವರೆಲ್ಲ ಅವನತ್ತ ತಿರುಗಿದರು, ಮೂಲೆಯಿಂದ ಯಾರೋ "ಎನ್ನಾ ಆಕ್ಟಿಂಗ್ ಪಾ!" ಎಂದು ಕೂಗಿ ಚಪ್ಪಾಳೆ ತಟ್ಟಿದರು. ನೋಡನೋಡುತ್ತ ಎಲ್ಲರೂ ತಟ್ಟಿದರು. ಉಕ್ಕಿನ ಉಗ್ರಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಬಿದ್ದ ಚಪ್ಪಾಳೆ ಅದು. ಅದು ನಟನೆಯಲ್ಲ ಎಂದು ನಂಬಿದವನು ಅಲ್ಲಿ ಸೊಣ್ಣಪ್ಪ ಒಬ್ಬನೇ. ಅವನು ಪಕ್ಕದಲ್ಲಿ ಮೊಣಕಾಲೂರಿ ಕೂತು, ಹೆಂಡತಿ ಹೂವು ಮುಡಿಸಿದ್ದು ಇನ್ನೂ ಗೊತ್ತಿಲ್ಲದೆ, ಆಂಜನಪ್ಪನ ಹೆಗಲ ಮೇಲೆ ಕೈಹಾಕಿ, "ಅಳ್ಬೇಡಿ ಬೀಗ್ರೇ, ನಾನಿದ್ದೀನಿ, ನಿಮ್ಮನ್ನ ಸೋಲಾಕೆ ಬಿಡಲ್ಲ" ಎಂದು ಸಮಾಧಾನ ಮಾಡುತ್ತಿದ್ದ.