ಮರಳಿನ ಮೇಲೆ ಬರೆದ ಊರು

ತೀರ್ಥಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ತುಮರಿ ಕಡೆಯಲ್ಲಿದ್ದ ಅಕ್ಕನ ಮನೆಗೆ ಅವಳ ಕೂಸು ಆಡಿಸಲು ಹೋದವಳು ನಾನು. ಅರವತ್ತರ ದಶಕ, ಶರಾವತಿಗೆ ಅಣೆಕಟ್ಟು ಕಟ್ಟಿ ಆಗಷ್ಟೇ ನೀರು ನಿಲ್ಲಿಸಿದ್ದರು. ಕೆಳಗಿನ ಊರು ಮುಳುಗಿ, ಅಲ್ಲಿನ ಜನ ಅಕ್ಕನ ಮನೆಯ ಹಿಂದಿನ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡಿದ್ದರು. ಶಾಲೆಯೂ ಮುಳುಗಿತ್ತು. ಮಕ್ಕಳು ದಿನವಿಡೀ ದನದ ಹಿಂದೆ. ನನಗೆ ನೋಡುತ್ತ ಕೂರಲಾಗಲಿಲ್ಲ. ಮಾವಿನ ಮರದ ಕೆಳಗೆ ಹಳ್ಳದ ಮರಳು ಹರವಿ ಪಾಠ ಶುರು ಮಾಡಿಯೇಬಿಟ್ಟೆ. ಸ್ಲೇಟಿಲ್ಲ, ಬಳಪವಿಲ್ಲ, ಬೆರಳಲ್ಲೇ ಬರೆಯುವುದು.

"ಸಂಬಳ ಇಲ್ದೆ ಎಂತ ಮೇಷ್ಟ್ರಿಕೆ ಮಾರಾಯ್ತಿ?" ಎಂದು ಅಕ್ಕ ನಗುತ್ತಿದ್ದಳು. ನಗಲಿ ಬಿಡಿ. "ಅಕ್ಕೋರೆ, ಅಕ್ಕೋರೆ" ಎಂದು ಇಪ್ಪತ್ತು ಮಕ್ಕಳು ಹಿಂದೆ ಬರುವಾಗ ನನ್ನ ಗತ್ತೇ ಬೇರೆ.

ಆದರೆ ಎಷ್ಟು ದಿನ? ನಾನು ವಾಪಸಾದರೆ ಮಕ್ಕಳು ಮತ್ತೆ ದನದ ಹಿಂದೆಯೇ. ಸರ್ಕಾರಿ ಶಾಲೆಯೇ ಬೇಕಿತ್ತು. ಹಿನ್ನೀರು ದಾಟಿಸುವ ಲಾಂಚು ಹತ್ತಿ ಸಾಗರ ಪೇಟೆಯ ಶಿಕ್ಷಣ ಇಲಾಖೆ ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ ಒಂದೇ ಉತ್ತರ: ಆ ಊರು ಪಟ್ಟಿಯಲ್ಲಿಲ್ಲ, ಮುಳುಗಿದ ಊರಿಗೆ ಶಾಲೆ ಕೊಡಲು ಬರುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. "ಊರು ಮುಳುಗಿದ್ರೆ ಮಕ್ಕಳೂ ಮುಳುಗಿದಾವಾ? ಒಂದ್ಸಲ ಬಂದು ನೋಡಿ!" ಎಂದು ಕೂಗಾಡಿ ಬಂದೆ.

ಶಾಲಾ ಇನ್‌ಸ್ಪೆಕ್ಟರು ಬಂದೇ ಬಂದರು. ಬೂಟುಗಾಲನ್ನು ನೇರ ಮರಳಿನ ಮೇಲೇ ಇಟ್ಟರು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಚಂಗನೆ ಎದ್ದು, "ಅಯ್ಯೋ! ಅಕ್ಷರ ತುಳಿಬ್ಯಾಡಿ ಸಾಯ್ಬ್ರೆ!" ಎಂದು ಕಿರುಚಿದಳು. ಹೋಯ್ತು ಶಾಲೆ, ಅಂದುಕೊಂಡೆ. ಅಕ್ಷರ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಕಲಿಸಿದವಳು ನಾನೇ. ಅವಳನ್ನು ಬೈಯುವುದಾದರೂ ಹೇಗೆ?

ಅವರು ಹಿಂದೆ ಸರಿದು ಬೂಟು ಬಿಚ್ಚಿದರು. ಬಗ್ಗಿ ಮರಳು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅವಳೆದುರು ಕುಕ್ಕರುಗಾಲಲ್ಲಿ ಕೂತು, "ನಿನ್ನ ಊರಿನ ಹೆಸರು ಬರಿ ನೋಡೋಣ" ಎಂದರು.

ಅವಳು ಮುಳುಗಿದ ಊರಿನ ಹೆಸರನ್ನೇ ಬರೆದಳು, ಒಂದು ಕೊಂಬೂ ತಪ್ಪದೆ.

"ಈ ಊರು ಈಗ ಇಲ್ವಲ್ಲಮ್ಮ?"

"ನಾವಿದೀವಲ್ಲ ಸಾಯ್ಬ್ರೆ."

ಆ ಮಾತು ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ! ಹೆಮ್ಮೆಯಿಂದ ನನಗೆ ಅಳುವೇ ಬಂತು. ಅವರು ಆ ಹೆಸರನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಮಳೆಗಾಲ ಮುಗಿಯುವಷ್ಟರಲ್ಲಿ ಶಾಲೆ ಮಂಜೂರಾಯಿತು. ಲಾಂಚಿನಲ್ಲಿ ಬಂದ ಬೋರ್ಡನ್ನು ಮಕ್ಕಳೇ ಹೊತ್ತು ಗುಡ್ಡ ಹತ್ತಿದರು. 'ಸರ್ಕಾರಿ ಪ್ರಾಥಮಿಕ ಶಾಲೆ' ಎಂದು ಬರೆದ ಕೆಳಗೆ, ನೀರಿನಡಿಯ ಆ ಊರಿನ ಹೆಸರೇ ಇತ್ತು.